ಕೈಲಾಸದ ಗೋದಾಮಿಗೆ ಬಿದ್ದ ಬೀಗ

ಲಲಿತಾಬಾಯಿ ಗಂಡ ರೇವಣಪ್ಪ, ವಯಸ್ಸು 34, ಉದ್ಯೋಗ ಕುಪ್ಪಸ ಹೊಲಿಯುವುದು, ಸಾಕಿನ್ ತೆಂಗಳಿ ಗ್ರಾಮ, ಸದ್ಯ ಶಹಾಬಾದಿನಲ್ಲಿ ತಂಗಿಯ ಮನೆ. ಜಮಾದಾರ ಸಾಹೇಬರಿಗೆ ಈ ಮೂಲಕ ತಿಳಿಸುವುದೇನೆಂದರೆ:

ಮಜೀದಸಾಬ ಎಂಬವರು ಸಂಕ್ರಾಂತಿಗೆಂದು ಇಲ್ಲಿನ ಖಾಲಿ ಗೋದಾಮಿನೊಳಗೆ ಕೈಲಾಸದ ಆಟ ಹಾಕಿದ್ದಾರೆ. ಕಲ್ಲುಗಣಿಯ ಟ್ರಾಲಿಯಲ್ಲಿ ಆರು ಜನರನ್ನು ಕೂಡಿಸಿ ಹಳಿಯ ಮೇಲೆ ಇಬ್ಬರು ತಳ್ಳುತ್ತಾರೆ. ಮೊದಲು ನಲವತ್ತು ಗಜ ಕತ್ತಲೆ. ಅಲ್ಲಿ ಮೇಲಿಂದ ಒದ್ದೆ ಹಗ್ಗಗಳು ಮುಖಕ್ಕೆ ತಾಗುತ್ತವೆ. ಆಮೇಲೆ ಪರದೆ ಸರಿದು ಹನ್ನೆರಡು ಗ್ಯಾಸ್‌ಬತ್ತಿಗಳ ಬೆಳಕಿನಲ್ಲಿ ಕೈಲಾಸ ಕಾಣುತ್ತದೆಂದು ಹೇಳುತ್ತಾರೆ. ನಾವು ಅಲ್ಲಿಯವರೆಗೆ ಹೋಗಲಿಲ್ಲ.

ನನ್ನ ಅತ್ತೆ ಮಹಾದೇವಮ್ಮ, ವಯಸ್ಸು 68, ಇವರಿಗೆ ಕಣ್ಣಿಗೆ ಪರೆ ಬಂದು ದೊಡ್ಡ ಬೆಳಕಷ್ಟೇ ಕಾಣುತ್ತದೆ. ಅವರು ಒಲ್ಲೆ ಎಂದರು. "ಕೈಲಾಸ ನೋಡ್ಕೊಂಡ ಬರೂಣು ನಡೀರಿ ಅತ್ತಿ" ಎಂದು ರೆಟ್ಟೆ ಹಿಡಿದು ಹತ್ತಿಸಿದವಳು ನಾನೇ.

ದಿನಾಂಕ 15-1-1954 ಶುಕ್ರವಾರ ಸಂಜೆ ನಾಲ್ಕೂವರೆಗೆ ಕತ್ತಲೆಯಲ್ಲಿ ಅತ್ತೆಯ ಶಿವದಾರ ಹಗ್ಗಕ್ಕೆ ಸಿಕ್ಕು ಹರಿದು, ವಸ್ತ್ರದಲ್ಲಿ ಕಟ್ಟಿದ್ದ ಇಷ್ಟಲಿಂಗ ಎಲ್ಲೋ ಬಿತ್ತು. ಅವರು ಎದೆ ಮುಟ್ಟಿ ನೋಡಿಕೊಂಡು ಎದ್ದು ನಿಂತರು. ಟ್ರಾಲಿ ಹಳಿ ತಪ್ಪಿ ವಾಲಿತು. ಮುಂದೆ ಕುಳಿತಿದ್ದ ವಾಡಿಯ ಭೀಮಬಾಯಿಯ ಕಾಲು ಮುರಿಯಿತು. ಮಜೀದಸಾಬರು ಕಂದೀಲು ಹಿಡಿದು ಕಲ್ಲುಪುಡಿಯಲ್ಲಿ ಮೊಣಕಾಲೂರಿ ಅರ್ಧ ತಾಸು ಹುಡುಕಿದರು. ಐದೂಕಾಲಿಗೆ ತಾವು ಬಂದು, ಪಂಚನಾಮೆ ಆಗುವವರೆಗೆ ಯಾರೂ ಒಳಗೆ ಹೋಗಬಾರದೆಂದು ಬೀಗ ಹಾಕಿ ಮೊಹರು ಮಾಡಿದಿರಿ. ತಮ್ಮ ಮೇಲಧಿಕಾರಿ ಅಮೀನ ಸಾಹೇಬರು ಗುರುವಾರ ಬರುತ್ತಾರೆಂದು ತಿಳಿಸಿದಿರಿ.

ಲಿಂಗ ಮೈಮೇಲಿಲ್ಲದೆ ನಮ್ಮ ಮನೆಯಲ್ಲಿ ಹನಿ ನೀರೂ ಮುಟ್ಟುವುದಿಲ್ಲ. ಅತ್ತೆ ಉಗುಳು ಕೂಡ ನುಂಗದೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಶನಿವಾರ ಮಧ್ಯಾಹ್ನ ಅವರಿಗೆ ನಾಲಿಗೆ ಸರಿಯಾಗಿ ಹೊರಳದಂತಾಯಿತು. ನಾನು ಕಾಲು ಹಿಡಿದೆ. "ನನ್ನ ಕಾಲು ಹಿಡದು ಏನ್ ಮಾಡ್ತಿ, ಹೋಗಿ ಹುಡುಕು" ಎಂದರು. ಅಂದು ನಾನು ಮೂರು ಸಲ ಈ ಠಾಣೆಗೆ ಬಂದೆ. ಬೀಗ ತೆಗೆಯುವುದು ತಮ್ಮ ಕೈಯಲ್ಲಿಲ್ಲವೆಂದು ಹೇಳಿದಿರಿ.

ಸಂಜೆ ಆರಕ್ಕೆ ನಾನು ಬಚ್ಚಲಿಗೆ ಹೋಗಿ ನನ್ನ ಕೊರಳಿನ ಲಿಂಗ ಬಿಚ್ಚಿದೆ. ಹೊಸ ದಾರ ಹಾಕಿ, ಮಜೀದಸಾಬರಿಗೆ ಸಿಕ್ಕಿತೆಂದು ಹೇಳಿ ಅತ್ತೆಯ ಅಂಗೈಯಲ್ಲಿಟ್ಟೆ. ಅವರು ಕಣ್ಣಿಗೊತ್ತಿಕೊಂಡು ಪೂಜೆ ಮಾಡಿ ಎರಡು ತಂಬಿಗೆ ನೀರು ಕುಡಿದರು. ಮಜೀದಸಾಬನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದರು. ಅತ್ತೆಯ ಆರೋಗ್ಯ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದ ಮಜೀದಸಾಬರು ನನ್ನ ಬರಿ ಕೊರಳು ನೋಡಿ ಹಾಗೆಯೇ ಹಿಂದಿರುಗಿ ಹೋದರು. ಆವಾಗಿನಿಂದ ಅವರು ಗೋದಾಮಿನ ಬಾಗಿಲು ಬಿಟ್ಟು ಎದ್ದಿಲ್ಲ.

ನನ್ನ ವಸ್ತ್ರದಲ್ಲಿ ಈಗಿರುವುದು ಹಾಸುಗಲ್ಲಿನ ಚೂರು. ಒಬ್ಬರ ಲಿಂಗ ಇನ್ನೊಬ್ಬರಿಗೆ ಕಟ್ಟಬಾರದೆಂದು ನನಗೆ ಗೊತ್ತು. ಬೇರೆ ದಾರಿ ಕಾಣಲಿಲ್ಲ. ಇವತ್ತು ಸೋಮವಾರ ಬೆಳಿಗ್ಗೆ ಹತ್ತು, ನಾನು ನೀರು ಬಿಟ್ಟು ನಲವತ್ತು ತಾಸಾಯಿತು. ತಾವು ತರಿಸಿಕೊಟ್ಟ ನೀರು ಹಾಗೆಯೇ ಇದೆ. ಗುರುವಾರದವರೆಗೆ ನನ್ನಿಂದ ಆಗುವುದಿಲ್ಲ ಸಾಹೇಬರೇ. ತಾವೇ ಮುಂದೆ ನಿಂತು ಮಜೀದಸಾಬರೊಬ್ಬರನ್ನು ಒಳಗೆ ಬಿಡಿರಿ. ಅತ್ತೆಯದು ಸಿಕ್ಕರೆ ಅವರಿಗೆ ಕಟ್ಟಿ ನನ್ನದನ್ನು ತೆಗೆದುಕೊಳ್ಳುತ್ತೇನೆ.

ಇಲ್ಲಿ ಬರೆಸಿದ್ದೆಲ್ಲ ನಡೆದದ್ದೇ. ನಾನು ಆಡಿದ ಸುಳ್ಳು ಒಂದು, ಅದನ್ನೂ ಬರೆಸಿದ್ದೇನೆ. ಇದನ್ನು ನನಗೆ ಓದಿ ಹೇಳುವಾಗ ಮೆಲ್ಲಗೆ ಓದಬೇಕು. ಅತ್ತೆ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾರೆ, ಅವರ ಕಿವಿ ಭಾಳ ಚುರುಕು.

ಸ್ಥಳ: ಶಹಾಬಾದ
ದಿನಾಂಕ: 18-1-1954
ಸಹಿ: ಲಲಿತಾಬಾಯಿ