ಕೆಂದಿಯ ಕೂಗು

ಕೋಣನ ಮುಂದೆ ಕಿನ್ನರಿ ಬಾರಿಸಿ ನೋಡಿ, ಕಿವಿ ಕೊಟ್ಟೇ ಕೊಡುತ್ತದೆ! ಸುಳ್ಳಲ್ಲ, ತೊಂಬತ್ತಾರರಲ್ಲಿ ಸೊರಬದ ದನದ ಆಸ್ಪತ್ರೆಯ ಸಾಲಿನಲ್ಲಿ ನಿಂತವರೆಲ್ಲ ಕೇಳಿದ್ದು. ಕ್ಯಾಸನೂರಿನ ತಾಯಮ್ಮ ತನ್ನ ಕರುವಿನ ಕಿವಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದಳು.

“ವಿಮೆ ಬೇಕಂದ್ರೆ ಕಿವಿಗೆ ಓಲೆ ಹಾಕ್ಲೇಬೇಕಮ್ಮ. ಹಿತ್ತಾಳೆದೋ, ಹಳದಿ ಪ್ಲಾಸ್ಟಿಕ್ಕೋ?” ಎಂದರು ಡಾಕ್ಟರು.

“ಯಾವುದೂ ಬ್ಯಾಡ್ರಿ. ಇದರವ್ವ ಕೆಂದಿ ಸತ್ತಾಗ ವಿಮೆಯವರಿಗೆ ತೋರ್ಸೋಕೆ ಅಂತ ಓಲೆ ಸಮೇತ ಕಿವೀನೇ ಕೊಯ್ದು ಕೊಟ್ವಿ. ಕಿವಿ ಇಲ್ದೆ ಮಣ್ಣು ಸೇರ್ತು. ಈಗ ನಾನು ಕರೆದ್ರೆ ಅದಕ್ಕೆ ಕೇಳ್ಸುತ್ತೇನ್ರಿ?”

“ಕರೆದು ನೋಡ್ರಿ ಅತ್ತಿಗೆ,” ಎಂದ ಮೈದುನ ಯತೀಶ ಸದ್ದಿಲ್ಲದೆ ಗೋಡೆಯ ಹಿಂದೆ ಸರಿದ.

“ಕೆಂದೀ…”

“ಅಂಬಾ!”

ಥೇಟ್ ಕೆಂದಿಯದೇ ಕೂಗು. ತಾಯಮ್ಮನ ಕೈಯಿಂದ ಸೆರಗು ಜಾರಿತು. ಕರು ಕಿವಿ ನಿಮಿರಿಸಿ ಕಲ್ಲಿನಂತೆ ನಿಂತಿತು. ಡಾಕ್ಟರು ಹಳದಿ ಓಲೆಯನ್ನು ಚಕ್ಕನೆ ಒತ್ತಿಬಿಟ್ಟರು.

“ನಾನೇ ಅತ್ತಿಗೆ!” ಯತೀಶ ನಗುತ್ತ ಹೊರಬಂದ.

“ಥೂ, ನಿನ್ನ! ನೋಡು, ಹಗ್ಗ ಎಳೆದ್ರೂ ಕರು ಬರ್ತಿಲ್ಲ, ಗೋಡೇನೇ ನೋಡ್ತದೆ. ಇನ್ನೊಂದ್ಸಲ ಕೂಗು.”

“ಬ್ಯಾಡ ಅತ್ತಿಗೆ.”

“ಕೂಗೋ!”

ಯತೀಶ ಕೂಗಿದ. ಕರು ಅವನ ಕಾಲಸಂದಿಯಲ್ಲಿ ಮೊಲೆ ಹುಡುಕುತ್ತ ಹಿಂದೆಯೇ ಗೇಟು ದಾಟಿತು. ಸಾಲಿನವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಳ್ಳುತ್ತ ನಕ್ಕವಳು ತಾಯಮ್ಮ. ಯತೀಶ ಮಾತ್ರ ನಗಲಿಲ್ಲ.