ಐವತ್ತು ಕೆಜಿ ಹೆಚ್ಚು

ಮಟಮಟ ಮಧ್ಯಾಹ್ನ. ವೇಬ್ರಿಡ್ಜ್ ಮುಂದೆ ನನ್ನ ಲಾರಿಯ ಸರದಿಗೆ ಕಾಯುತ್ತಿದ್ದೆ. ನನಗಿಂತ ಮುಂಚೆ ಬಂದ ಎರಡು ಪುಟ್ಟ ಸ್ಪೋರ್ಟ್ಸ್ ಕಾರುಗಳು, ಒಂದು ಕೆಂಪು, ಒಂದು ಬೂದು, ತೂಕ ಮುಗಿಸಿ ಪಕ್ಕಕ್ಕೆ ನಿಂತಿದ್ದವು. ಟನ್ನುಗಟ್ಟಲೆ ತೂಗುವ ಜಾಗದಲ್ಲಿ ಇವರದೇನು ಆಟವೋ! ಕಾರಿನವರಿಬ್ಬರೂ, ಭಾವ ಮತ್ತು ಭಾಮೈದ, ತೂಕದ ಚೀಟಿ ಹಿಡಿದು ವಾದಕ್ಕಿಳಿದಿದ್ದರು.

“ತಿರುವಲ್ಲಿ ನನ್ನ ಕೆಂಪು ಕಾರನ್ನ ಹಿಡಿಯೋಕಾಗಲ್ಲ ಭಾವ. ಅಷ್ಟು ಹಗುರ.”

“ಹಗುರಾನಾ? ಚೀಟಿ ನೋಡು.”

“ಒಂಬೈನೂರ ಎಪ್ಪತ್ತಾ? ಹೋದ ತಿಂಗಳು ಒಂಬೈನೂರ ಇಪ್ಪತ್ತಿತ್ತು! ಸ್ಟೆಪ್ನಿ ಕೂಡ ಬಿಚ್ಚಿಟ್ಟು ಬಂದಿದೀನಿ.”

“ನಂದು ಐವತ್ತು ಇಳಿದಿದೆ ಕಣೋ. ನಾನೇನೂ ಬಿಚ್ಚಿಲ್ಲ.”

“ಕಾಟಾ ಕೆಟ್ಟಿರ್ಬೇಕು.”

“ಕೆಟ್ಟಿದ್ರೆ ಎರಡಕ್ಕೂ ಒಂದೇ ಥರ ತಪ್ಪು ತೋರಿಸ್ತಿತ್ತು.”

ಭಾಮೈದ ಎರಡೂ ಚೀಟಿಗಳನ್ನು ಪಕ್ಕಪಕ್ಕ ಹಿಡಿದು ನೋಡಿದ.

“ಭಾವ, ಅಕ್ಕ ಕೊನೆಗೆ ಎಷ್ಟಿದ್ಲು?”

“ಆಸ್ಪತ್ರೇಲಿ ತೂಗಿದಾಗ ಐವತ್ತು.”

“ಅವಳು ಹೋಗಿ ವರ್ಷ ಆಯ್ತಲ್ಲ.”

“ಅವತ್ತಿಂದಲೇ ನನ್ನ ಕಾರು ಭಾರ ಎಳೀತಿತ್ತು. ಯಾಕೆ ಅಂತ ಯಾವ ಮೆಕ್ಯಾನಿಕ್ಕೂ ಹೇಳ್ಲಿಲ್ಲ.”

“ಹೋದ ಭಾನುವಾರ ನಿಮ್ಮ ಎರಡನೇ ಮದುವೆ ಮಾತಿಗೆ ಯಾವ ಕಾರಲ್ಲಿ ಹೋದ್ರಿ?”

“ಇದರಲ್ಲೇ.”

“ವಾಪಸ್ ಬರ್ತಾ?”

“ಗಾಳೀಲಿ ತೇಲಿದ ಹಾಗೆ ಬಂತು. ಖುಷಿಪಟ್ಟೆ.”

ಭಾಮೈದ ಕೆಂಪು ಕಾರಿನ ಪಕ್ಕದ ಬಾಗಿಲು ತೆಗೆದ. “ಬನ್ನಿ, ನನ್ನದರಲ್ಲೊಂದು ರೌಂಡ್ ಹೋಗೋಣ.”

ಭಾವ ಬಗ್ಗಿ ಖಾಲಿ ಸೀಟನ್ನು ನೋಡಿದರು. ಆಮೇಲೆ, ಯಾರದೋ ಬೆರಳು ಸಿಕ್ಕಿಬಿಟ್ಟೀತು ಎಂಬಂತೆ, ಬಾಗಿಲನ್ನು ಮೆಲ್ಲಗೆ ಹಾಕಿದರು.

“ಇರೋದೇ ಎರಡು ಸೀಟು. ನಾನೆಲ್ಲಿ ಕೂರ್ಲಿ?”

ತಮ್ಮ ಹಗುರಾದ ಕಾರು ಹತ್ತಿ, ಒಬ್ಬರೇ ಹೊರಟುಹೋದರು.