ಒಳಗಡೆಯ ಹೊಲಿಗೆ

ಗಂಡ ಸ್ಕ್ಯಾನಿಗೆಂದು ಬಿಚ್ಚಿಕೊಟ್ಟ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮೇಷ್ಟರ ಹೆಂಡತಿಯ ಕಿವಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಬೀಳುತ್ತಿತ್ತು. ಊಟದ ಡಬ್ಬಿ ತಂದಿದ್ದ ತಾಯಿಯ ಕೊರಳಲ್ಲಿ ದರ್ಜಿಯ ಅಳತೆ ಟೇಪು, ಮಗಳ ಕೊರಳಲ್ಲಿ ಸಂಶೋಧಕಿಯ ಗುರುತಿನ ಚೀಟಿ.

“ಮೂರು ವರ್ಷ ಕಣ್ಣು ಹಾಳು ಮಾಡ್ಕೊಂಡು ಮಾಡಿದ್ದೇನು, ನನಗೆ ಅರ್ಥ ಆಗೋ ಹಾಗೆ ಹೇಳು.”

“ಒಳಗಿರೋ ಈ ಸ್ಕ್ಯಾನ್ ಯಂತ್ರ ಮಿದುಳನ್ನ ಕೊಯ್ಯದೇನೇ ಅದರಲ್ಲಿ ಯಾವ ರಾಸಾಯನಿಕ ಎಷ್ಟಿದೆ ಅಂತ ಗೆರೆ ಬರೆದು ತೋರ್ಸುತ್ತೆ. ಆ ಗೆರೆ ಓದೋಕೆ, ಶುದ್ಧ ಮಾಡೋಕೆ, ಅಳೆಯೋಕೆ ಬೇರೆಬೇರೆ ಸಾಫ್ಟ್‌ವೇರ್ ಬೇಕಿತ್ತಮ್ಮ. ನಾವು ಎಲ್ಲಾನೂ ಒಂದರಲ್ಲೇ ಸೇರಿಸಿದ್ವಿ. ಒಳಗೆ ಹೇಗೆ ಬರೆದಿದೀವಿ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು.”

“ಮತ್ಯಾಕೆ ಮುಖ ಸಪ್ಪಗಿದೆ?”

“ಯಾರೋ ಬಿಚ್ಚಿ ನೋಡಿದ್ರು. ಒಂದು ಕಂಪನಿ ಯಂತ್ರದ ಗೆರೆಯನ್ನ ನಾನು ಅದರಲ್ಲಿ ಎಡಬಲ ತಿರುವಿಬಿಟ್ಟಿದ್ದೆ. ಅವರೇ ಸರಿಮಾಡಿ ಕಳ್ಸಿದ್ದಾರೆ.”

“ನೀನೇನ್ಮಾಡ್ದೆ?”

“ತಪ್ಪು ನಂದು, ತಿದ್ದಿದ್ದು ಅವರು ಅಂತ ಎಲ್ಲರಿಗೂ ಕಾಣೋ ಹಾಗೆ ಬರೆದುಹಾಕ್ದೆ. ಅದನ್ನ ಬಳಸೋ ಹದಿನೇಳು ಆಸ್ಪತ್ರೆಯವರೂ ಓದಿರ್ತಾರೆ.”

“ಹದಿನೇಳಾ?” ದರ್ಜಿಯ ಬೆನ್ನು ನೆಟ್ಟಗಾಯಿತು.

“ಅಮ್ಮಾ, ನಾನು ತಪ್ಪಿನ ವಿಷಯ ಹೇಳ್ತಿದೀನಿ.”

“ಕೇಳಿಸ್ತು. ನಲವತ್ತು ವರ್ಷದಿಂದ ಹೊಲೀತಿದೀನಿ, ಒಬ್ಬ ಗಿರಾಕಿನೂ ಒಳಗಡೆ ಹೊಲಿಗೆ ತಿರುವಿ ನೋಡಿಲ್ಲ. ನಿಂದನ್ನ ಹದಿನೇಳು ಕಡೆ ನೋಡ್ತಾರೆ.”

ಒಳಗಿನಿಂದ ಯಾರೋ ಮಗಳನ್ನು ಕರೆದರು. ತಾಯಿಯೂ ಎದ್ದು ಅವಳ ಕೋಟಿನ ಕಾಲರು ಸರಿಮಾಡಿದಳು.

“ಈ ಆಸ್ಪತ್ರೆನೂ ಆ ಹದಿನೇಳರಲ್ಲಿ ಸೇರಿದೆಯಾ?”

“ಹೂಂ, ಮೊದಲನೇದೇ ಇದು.”

“ಹಂಗಾದ್ರೆ ನಡಿ, ಬಾಗಿಲವರೆಗೆ ನಾನೂ ಬರ್ತೀನಿ.”

ಇಬ್ಬರೂ ಮರೆಯಾದ ಮೇಲೆ ಮೇಷ್ಟರ ಹೆಂಡತಿ ಮಡಿಲಲ್ಲಿದ್ದ ಅಂಗಿಯನ್ನು ಮೆಲ್ಲಗೆ ಒಳಮಗ್ಗುಲು ತಿರುವಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು.